ದುಡಿಮೆ ನಿಂತ ಸೂರಿನಡಿ ಮತ್ತೆ ದುಡಿಮೆ

ಪ್ರಾಚೀನ ಕಟ್ಟಡಗಳನ್ನು ಗೌರವಿಸುವ ಬಗೆಯನ್ನು ಹಾಸನ ಜಿಲ್ಲೆಯ ಜನಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಚಾವುಂಡರಾಯನು ಕ್ರಿ.ಶ. 981ರಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಬೆಟ್ಟದ ಮೇಲೆ ಇಂದಿಗೂ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನಿಗೆ ನಿತ್ಯಪೂಜೆ ತಪ್ಪಿಲ್ಲ. ಬೇಲೂರು ಹಳೇಬೀಡುಗಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಜಿಲ್ಲೆಗೆ ಜಿಲ್ಲೆಯೇ ಹಿಗ್ಗಿತು. ಹೀಗಿರುವ ಜನವೇ, ತಮ್ಮ ತಾತಂದಿರು ಭತ್ತದ ಮೂಟೆಯಿಳಿಸಿ ಸರದಿ ಕಾದು ಕೂರುತ್ತಿದ್ದ ರೈಸ್‌ಮಿಲ್ಲಿನ ಹೆಂಚು ಒಂದೊಂದಾಗಿ ಜಾರಿ ಬೀಳುತ್ತಿರುವುದನ್ನು ಕಂಡೂ ಕಾಣದವರಂತೆ ಮುಂದೆ ಸಾಗುತ್ತಾರೆ. ದೇವರಿದ್ದ ಕಟ್ಟಡಕ್ಕೆ ಜೀರ್ಣೋದ್ಧಾರವೆಂಬ ಒಂದು ಸತ್ಸಂಪ್ರದಾಯ ನಮ್ಮಲ್ಲುಂಟು. ದುಡಿಮೆಯಿದ್ದ ಕಟ್ಟಡಕ್ಕೂ ಅದು ಏಕೆ ಸಲ್ಲಬಾರದೆಂದು ಯಾರೂ ಕೇಳಿದಂತಿಲ್ಲ.

ಕಾನೂನಿನ ಆಸರೆಯೂ ಇಂಥ ಕಟ್ಟಡಗಳಿಗೆ ದೊರೆಯುವುದು ದುರ್ಲಭ. ಕೇಂದ್ರ ಸರ್ಕಾರದ 1958ರ ಪುರಾತನ ಸ್ಮಾರಕಗಳ ಅಧಿನಿಯಮವು ಸ್ಮಾರಕವೆನ್ನಿಸಿಕೊಳ್ಳಲು ಕಡಮೆಯೆಂದರೆ 100 ವರ್ಷಗಳ ವಯಸ್ಸನ್ನು ಅಪೇಕ್ಷಿಸುತ್ತದೆ. ನಮ್ಮ ತಾಲ್ಲೂಕು ಕೇಂದ್ರಗಳ ಗಿರಣಿಗಳೂ ಉಗ್ರಾಣಗಳೂ ಬಹುಮಟ್ಟಿಗೆ ಕಳೆದ ಶತಮಾನದ ಮಧ್ಯಭಾಗದವು. ಪೂಜ್ಯವಾಗುವಷ್ಟು ಹಳೆಯವಲ್ಲ, ಉಪಯುಕ್ತವಾಗಿ ಉಳಿಯುವಷ್ಟು ಹೊಸವೂ ಅಲ್ಲ. ಈ ನಡುವಯಸ್ಸಿನ ದೆಸೆಯಿಂದ ಅವು ನೂರನ್ನು ಮುಟ್ಟುವುದಕ್ಕೆ ಮೊದಲೇ ನಿವೇಶನಗಳಾಗಿ ಹರಿದು ಹಂಚಿಹೋಗುತ್ತವೆ.

ಮಿಲ್ಲು, ಕ್ಯೂರಿಂಗ್ ವರ್ಕ್ಸ್, ಬ್ಯಾರನ್

ಈ ಸೀಮೆಯ ಕೈಗಾರಿಕೆ ಎಂದರೆ ಮುಖ್ಯವಾಗಿ ಬೆಳೆಯನ್ನು ಹದಮಾಡುವ ಕೈಗಾರಿಕೆ. ಹೇಮಾವತಿಯ ಶ್ರೀರಾಮದೇವರ ಕಟ್ಟೆಯ ನಾಲೆಯೂ ಕಾವೇರಿಯ ಕಟ್ಟೇಪುರದ ನಾಲೆಯೂ ಹರಿದಲ್ಲಿ ಭತ್ತ ಬೆಳೆಯಿತು; ಭತ್ತ ಬೆಳೆದ ಊರಿಗೆ ಮಿಲ್ಲು ಬಂದಿತು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮಾರ್ಗವಾಗಿ ಅರಸೀಕೆರೆಗೆ ಹೋಗುವ ರೈಲು ಸಂಸ್ಥಾನದ ಕಾಲದಲ್ಲಿಯೇ ಓಡತೊಡಗಿದ್ದರಿಂದ ದಾಸ್ತಾನಿಗೂ ಸಾಗಣೆಗೂ ಸೌಕರ್ಯವಾಯಿತು. ಸಕಲೇಶಪುರ, ಬೇಲೂರುಗಳ ತೋಟದ ಕಾಫಿಯನ್ನು ಸುಲಿದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳು ಹಾಸನದಲ್ಲಿ ನೆಲೆಗೊಂಡುವು; ಗುದ್ದಲಿ, ಪಿಕಾಸಿಗಳನ್ನು ಮಾಡಿಕೊಡಲು ಸಂಸ್ಥಾನದ ಇಂಪ್ಲಿಮೆಂಟ್ಸ್ ಫ್ಯಾಕ್ಟರಿಯೂ ಅಲ್ಲಿಯೇ ಇದ್ದಿತು. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಹಬ್ಬಿ, ರಾಮನಾಥಪುರವು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿಂದಲೂ ಪ್ರಸಿದ್ಧವಾಯಿತು.

ಹಳೆಯ ರೈಸ್‌ಮಿಲ್ಲೊಂದರ ಒಳಗೆ ಕಾಲಿಟ್ಟವರಿಗೆ ಅದರ ರಚನೆಯಲ್ಲಿರುವ ಬುದ್ಧಿವಂತಿಕೆ ಅರೆಕ್ಷಣದಲ್ಲಿ ಹೊಳೆಯದು. ಕತ್ತಲೆಗೆ ಕಣ್ಣು ಒಗ್ಗಿದ ಮೇಲೆ ಒಂದೊಂದಾಗಿ ತೋರುತ್ತದೆ. ಒಂದು ಪಕ್ಕದಲ್ಲಿ ಪ್ರತ್ಯೇಕ ಗೋಡೆಯ ಎಂಜಿನ್ ಕೋಣೆ. ಅಲ್ಲಿಂದ ಗೋಡೆಯ ಕಿಂಡಿಯ ಮೂಲಕ ಹಾಯ್ದು ಬರುವ ಅಗಲವಾದ ಬೆಲ್ಟು, ಮಾಡಿನುದ್ದಕ್ಕೂ ಮಲಗಿದ ಕಬ್ಬಿಣದ ಉದ್ದ ದಂಡವನ್ನು ತಿರುಗಿಸುತ್ತಿತ್ತು. ಆ ದಂಡದ ಒಂದೊಂದು ಚಕ್ರದಿಂದ ಒಂದೊಂದು ಬೆಲ್ಟು ಇಳಿದು, ಒಂದು ಭತ್ತ ಸುಲಿಯುವ ಹಲ್ಲರನ್ನೂ, ಇನ್ನೊಂದು ಜರಡಿಯನ್ನೂ, ಮತ್ತೊಂದು ತಗಡಿನ ಬಟ್ಟಲುಗಳ ಸಾಲಿನಿಂದ ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರನ್ನೂ ನಡೆಸುತ್ತಿದ್ದುವು. ಒಂದೇ ಎಂಜಿನ್ನಿನಿಂದ ಎಲ್ಲ ಯಂತ್ರಗಳೂ ನಡೆಯಬೇಕಾಗಿದ್ದುದರಿಂದ ಕಂಬಗಳ ಅಡ್ಡಿಯಿಲ್ಲದ ವಿಶಾಲವಾದ ನಡುಮನೆ ಅನಿವಾರ್ಯವಾಯಿತು. ಹೊಟ್ಟಿನ ಧೂಳು ಹೊರಹೋಗಬೇಕಾಗಿದ್ದುದರಿಂದ ಮಾಡಿನ ನೆತ್ತಿಯಲ್ಲಿ ಗಾಳಿಗಂಡಿ ಬಂದಿತು. ಕುಸುಬಲಕ್ಕಿಗೆ ಬೇಯಿಸಿದ ಭತ್ತವನ್ನು ಒಣಗಿಸಬೇಕಾಗಿದ್ದುದರಿಂದ ಮುಂದೆ ಗಾರೆಯ ವಿಶಾಲ ಕಣ ಏರ್ಪಟ್ಟಿತು. ವಿಸ್ತಾರ, ಗಾಳಿ, ಬೆಳಕು, ಅಂಗಳ: ಇಂದು ಚಿತ್ರಕಾರನೋ ನಾಟಕದವನೋ ಬಡಗಿಯೋ ನಗರದಲ್ಲಿ ಭಾರಿ ಬಾಡಿಗೆ ತೆತ್ತು ಅರಸುವುದೆಲ್ಲವೂ ಭತ್ತದ ಅಗತ್ಯದಿಂದ ಅಲ್ಲಿ ಆಗಲೇ ಸಿದ್ಧವಾಗಿದೆ.

ತಲೆಯೆತ್ತಿ ನೋಡಿದರೆ ಮಂಗಳೂರು ಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಘಟ್ಟದ ಕೆಳಗಿನ ಜೇಡಿಮಣ್ಣು ಘಟ್ಟದ ಮೇಲಿನ ಸೂರುಗಳಾಯಿತು. ಬಿದ್ದ ಹೆಂಚನ್ನು ಮಗುಚಿ ನೋಡಿದರೆ ಅದನ್ನು ಸುಟ್ಟ ಕಾರ್ಖಾನೆಯ ಹೆಸರು ಬೆನ್ನ ಮೇಲೆ ಅಚ್ಚೊತ್ತಿರುವುದು ಕಾಣುತ್ತದೆ. ಹೀಗೆ ಒಂದು ಮಿಲ್ಲಿನ ಮಾಡಿನಲ್ಲಿ ಕರಾವಳಿಯ ಕೈಗಾರಿಕೆಯ ಇತಿಹಾಸವೂ ಸೇರಿಕೊಂಡಿದೆ.

ಈ ಗಿರಣಿಗಳು ನಿಂತುದಕ್ಕೆ ಯಾರನ್ನೂ ದೂರಿ ಫಲವಿಲ್ಲ. ಹಲ್ಲರು ಸಿಪ್ಪೆಯನ್ನೂ ತೌಡನ್ನೂ ಒಟ್ಟಿಗೆ ಕೀಳುವಾಗ ಅಕ್ಕಿಯನ್ನೂ ಮುರಿದು ನುಚ್ಚುಮಾಡುತ್ತಿತ್ತು. ರಬ್ಬರು ಉರುಳೆಗಳ ಹೊಸ ಯಂತ್ರಗಳೂ ಬಣ್ಣ ನೋಡಿ ಕಾಳು ಹೆಕ್ಕುವ ವಿದ್ಯುನ್ಮಾನ ಸಾಧನಗಳೂ ಬಂದ ಮೇಲೆ ದೊಡ್ಡ ಮಿಲ್ಲುಗಳ ಮುಂದೆ ಸಣ್ಣವು ನಿಲ್ಲಲಾರದಾದುವು. ಮನೆಯೂಟಕ್ಕೆ ಬೇಕಾದಷ್ಟು ಭತ್ತವನ್ನು ಮಿಲ್ಲಿಗೆ ಹಾಕಿಸುತ್ತಿದ್ದ ರೈತ ಕಣದಲ್ಲಿಯೇ ವ್ಯಾಪಾರಿಗೆ ಅಳೆದುಕೊಟ್ಟು ಅಂಗಡಿಯಿಂದ ಅಕ್ಕಿ ತರುವಂತಾದನು. ಕಾಫಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿಯೂ ಇಂಥದೇ ಪರಿವರ್ತನೆಯಾಯಿತು: ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಕೊನೆಗೊಂಡಿತು, ಸಾಲಾಗಿ ಕುಳಿತು ಕಾಳು ಆರಿಸುತ್ತಿದ್ದ ಹೆಂಗಸರ ಕೆಲಸದ ಬಹುಭಾಗವನ್ನು ಯಂತ್ರ ವಹಿಸಿಕೊಂಡಿತು.

ಹೊಗೆಸೊಪ್ಪಿನ ಬ್ಯಾರನ್ನನ್ನು ಕಾರ್ಖಾನೆಯೆಂದು ಕರೆದರೆ ಕೆಲವರು ನಗಬಹುದು. ಆದರೆ ಹೊಲದ ನಡುವೆ ಕಿಟಕಿಯಿಲ್ಲದೆ ನಿಂತ ಆ ಎತ್ತರದ ಚೌಕ ಕಟ್ಟಡ ನಿಜವಾಗಿ ಒಂದು ದೊಡ್ಡ ಒಲೆ. ಹೊರಗಿನಿಂದ ಸೌದೆಯೊಡ್ಡುವ ಬಾಯಿ. ಒಳಗೆ ನೆಲದ ಮೇಲೆ ಸುತ್ತಿಬರುವ ತಗಡಿನ ಕೊಳವೆಗಳು, ಅವುಗಳೊಳಗೆ ಬೆಂಕಿಯ ಬಿಸಿ ಹರಿಯುತ್ತದೆಯೇ ಹೊರತು ಹೊಗೆ ಎಲೆಯನ್ನು ಸೋಕದು. ಮೇಲೆ ಅಂತಸ್ತು ಅಂತಸ್ತಾಗಿ ಗಳುಗಳು, ಗಳುಗಳ ಮೇಲೆ ಎಲೆ ಪೋಣಿಸಿದ ಕಡ್ಡಿಗಳು. ಎಲೆ ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ ನಡುದಂಟು ಒಣಗಬೇಕು. ಈ ಮೂರು ಹಂತಕ್ಕೂ ಬೇರೆ ಬೇರೆ ಉಷ್ಣ. ಕೆಲವು ದಿನ ಹಗಲಿರುಳೂ ಯಾರಾದರೊಬ್ಬರು ಗಾಜಿನ ಕಿಂಡಿಯಿಂದ ಉಷ್ಣಮಾಪಕವನ್ನು ನೋಡುತ್ತ, ಗಾಳಿಗಂಡಿಯನ್ನು ಇಷ್ಟಿಷ್ಟೇ ತೆರೆಯುತ್ತ ಮುಚ್ಚುತ್ತ ಕಾವಲಿರಬೇಕು. ಕರ್ನಾಟಕದಲ್ಲಿ ತಂಬಾಕಿನ ಹರಾಜು 1984ರಲ್ಲಿ ಆರಂಭವಾದ ಮೇಲೆ ಈ ಕಟ್ಟಡಗಳು ಊರೂರಿನಲ್ಲಿ ತಲೆಯೆತ್ತಿದುವು. ಆದರೆ ಭಾರತವು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಸ್ಥಿರೀಕರಿಸಿದೆ. ಬೆಳೆಗಾರನಿಗೆ ಪರ್ಯಾಯ ಬೆಳೆಯನ್ನು ತೋರಿಸಬೇಕೆನ್ನುವವರು ಹೆಚ್ಚುತ್ತಿರುವಾಗ ಪರ್ಯಾಯ ಬೇಕಾದುದು ಬ್ಯಾರನ್ನಿಗೂ ಹೌದು.

ಲೋಕದಲ್ಲಿ ನಡೆದದ್ದು

ದುಡಿಮೆ ನಿಂತ ಕಟ್ಟಡದಲ್ಲಿ ಕಲೆಯನ್ನು ನೆಲೆಗೊಳಿಸುವುದು ಇಂದು ಲೋಕದಲ್ಲಿ ನೂತನವಾದ ಸಾಹಸವಲ್ಲ. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ 1981ರಲ್ಲಿ ಸ್ಥಗಿತವಾದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರವು 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾಸಂಗ್ರಹಾಲಯವಾಗಿ ತೆರೆಯಿತು. ವಿದ್ಯುದ್ಯಂತ್ರಗಳಿದ್ದ ಮಹಾಭವನದ ಔನ್ನತ್ಯವನ್ನು ಮುಚ್ಚಿಹಾಕದೆ ಉಳಿಸಿಕೊಂಡಿರುವುದೇ ಅದರ ವೈಶಿಷ್ಟ್ಯ. ನಮಗೆ ಸಮೀಪದ ನಿದರ್ಶನ ಕೊಚ್ಚಿಯದು. 1867ರಲ್ಲಿ ಸ್ಥಾಪಿತವಾದ ಆಸ್ಪಿನ್‌ವಾಲ್ ಕಂಪೆನಿ ಸಂಬಾರ, ಕಾಫಿ, ನಾರುಗಳ ವಾಣಿಜ್ಯ ನಡೆಸಿದ ಸಮುದ್ರತೀರದ ಉಗ್ರಾಣಗಳು 2012ರ ಡಿಸೆಂಬರ್ 12ರಂದು ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನಕ್ಕೆ ಆವರಣವಾದುವು. ಅಲ್ಲಿ ಗೋಡೆಗಳ ಬಣ್ಣ ಉದುರಿದ್ದರೂ ಅದಕ್ಕೆ ಮೆರುಗು ಕೊಡುವ ಆತುರ ತೋರಲಿಲ್ಲ. ಉಗ್ರಾಣ ಉಗ್ರಾಣವಾಗಿಯೇ ಕಾಣುವಂತೆ ಬಿಟ್ಟು ಕಲಾಕೃತಿಗಳನ್ನು ಅದರೊಳಗೆ ಇಟ್ಟರು.

ಆದರೆ ಎಲ್ಲ ಪುನರ್ಜನ್ಮವೂ ಸದ್ಗತಿಯೆಂದು ಹೇಳುವಂತಿಲ್ಲ. ಮುಂಬಯಿಯ ಹತ್ತಿಗಿರಣಿಗಳಲ್ಲಿ 1982ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದರ ಮೇಲೊಂದು ಮುಚ್ಚಿದುವು. ಫೀನಿಕ್ಸ್, ಕಮಲಾ ಮೊದಲಾದ ಮಿಲ್ಲುಗಳ ಆವರಣಗಳಲ್ಲಿ ಉಪಾಹಾರಗೃಹಗಳೂ ಕಚೇರಿಗಳೂ ಥಳಥಳಿಸುವ ಅಂಗಡಿಗಳೂ ಎದ್ದುವು. ಪಕ್ಕದ ಚಾಳುಗಳಲ್ಲಿ ವಾಸಿಸುತ್ತಿದ್ದ ಗಿರಣಿಯ ಕಾರ್ಮಿಕನಿಗೆ ಅಲ್ಲಿ ಕಾವಲುಗಾರನ ಕೆಲಸ ಸಿಕ್ಕಿದರೆ ಅದೇ ಭಾಗ್ಯವೆಂಬಂತಾಯಿತು. ಬೆಂಗಳೂರಿನಲ್ಲಿ ರಾಜಾ ಮಿಲ್ಲಿನ ನೆಲದ ಮೇಲೆ ಮಾಲು ನಿಂತಿದೆ. ಬಿನ್ನಿ ಮಿಲ್ಲು ಬಹುಮಟ್ಟಿಗೆ ರಸ್ತೆಯ ಹೆಸರಿನಲ್ಲಿ ಉಳಿದಿದೆ. 1936ರಲ್ಲಿ ಮಲ್ಲೇಶ್ವರದ ಬಳಿ ಸ್ಥಾಪಿತವಾಗಿ ಮನೆಮನೆಯಲ್ಲಿ ಬೆಳಗಿದ ಮೈಸೂರು ಲ್ಯಾಂಪ್ ವರ್ಕ್ಸ್ ಈ ಶತಮಾನದ ಆರಂಭದಲ್ಲಿ ಸ್ತಬ್ಧವಾಯಿತು. ಅದನ್ನು ಸಾರ್ವಜನಿಕ ಸಾಂಸ್ಕೃತಿಕ ಕೇಂದ್ರವನ್ನಾಗಿ ಮಾರ್ಪಡಿಸುವ ಯೋಜನೆಯನ್ನು ಸರ್ಕಾರವು 2020ರ ಸುಮಾರಿಗೆ ಮುಂದಿಟ್ಟಿತು. ಇಂಥ ಯೋಜನೆಗಳನ್ನು ಅಳೆಯುವಾಗ ಎಷ್ಟು ಮಂದಿ ನೋಡಲು ಬರುವರೆಂಬುದಕ್ಕಿಂತ ಎಷ್ಟು ಮಂದಿ ಅಲ್ಲಿ ಕುಳಿತು ಕೆಲಸ ಮಾಡುವರೆಂಬುದು ಮುಖ್ಯವಾಗಬೇಕೆಂಬುದು ನನ್ನ ನಿಶ್ಚಿತಾಭಿಪ್ರಾಯ. ದುಡಿಮೆಗಾಗಿ ಹುಟ್ಟಿದ ಕಟ್ಟಡಕ್ಕೆ ದುಡಿಮೆಯೇ ಜೀರ್ಣೋದ್ಧಾರ.

ಬದನವಾಳಿನ ಪಾಠ

ಈ ಮಾತಿಗೆ ಹಾಸನದವರು ಹತ್ತಿರದಲ್ಲಿಯೇ ನೋಡಬಹುದಾದ ಉದಾಹರಣೆ ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಬದನವಾಳು. 1927ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಅಲ್ಲಿ ಖಾದಿ ಕೇಂದ್ರವು ಆರಂಭವಾಯಿತು. ಗಾಂಧೀಜಿಯವರೇ ಅಲ್ಲಿಗೆ ಬಂದು ನೋಡಿದರು. ನೂಲುವವರೂ ನೇಯುವವರೂ ತುಂಬಿದ್ದ ಆ ಆವರಣ ಕಾಲಕ್ರಮದಲ್ಲಿ ಕ್ಷೀಣಿಸಿ, ಮಾಡು ಕುಸಿದು, ಗಿಡಗಂಟಿ ಬೆಳೆದು, ಕೆಲವೇ ಮಂದಿ ಹೆಂಗಸರ ಕೈಕೆಲಸದಿಂದ ಹೆಸರಿಗೆ ಮಾತ್ರ ಉಳಿಯುವ ಸ್ಥಿತಿಗೆ ಇಳಿಯಿತು. ಆ ಊರು 1993ರ ಜಾತಿಹಿಂಸೆಯಿಂದ ಸೀಳಿಯೂ ಹೋಗಿದ್ದಿತು.

ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಈ ಪಾಳುಬಿದ್ದ ಆವರಣವನ್ನೇ ಆರಿಸಿಕೊಂಡು ಅಲ್ಲಿ ಬೀಡುಬಿಟ್ಟರು. ‘ಸಮುದಾಯ’ ರಂಗಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರಾಗಿ, ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ‘ಚರಕ’ ಸಂಸ್ಥೆಯ ಮೂಲಕ ಗ್ರಾಮೀಣ ಹೆಂಗಸರ ಕೈಮಗ್ಗವನ್ನು ನಿಲ್ಲಿಸಿದ ಅನುಭವವುಳ್ಳ ಅವರಿಗೆ, ಕಟ್ಟಡವನ್ನು ರಿಪೇರಿ ಮಾಡುವುದಕ್ಕೂ ಕೈಯ ಕೆಲಸದ ಮಾನವನ್ನು ರಿಪೇರಿ ಮಾಡುವುದಕ್ಕೂ ನಂಟಿದೆಯೆಂಬುದು ಗೊತ್ತಿದ್ದಿತು. ಆ ವರ್ಷದ ಏಪ್ರಿಲ್ 19ರಂದು ಸುಸ್ಥಿರ ಬದುಕನ್ನು ಕುರಿತ ರಾಷ್ಟ್ರೀಯ ಸಮಾವೇಶ ಅಲ್ಲಿ ನಡೆಯಿತು; ನೇಕಾರರು, ರೈತರು, ಲೇಖಕರು, ನಾಟಕದವರು ಒಂದೇ ಮಾಡಿನ ಕೆಳಗೆ ಸೇರಿದರು. ಅಲ್ಲಿ ಚರಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಬೆಳಗುವ ಮಾತು ಬರಲಿಲ್ಲ. ಚರಕ ತಿರುಗಬೇಕೆಂಬ ಮಾತು ಬಂದಿತು.

ಬದನವಾಳು ಸಮಸ್ಯೆಯೆಲ್ಲವನ್ನೂ ಪರಿಹರಿಸಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಸಮಾವೇಶದ ಜನ ಚದುರಿದ ಮೇಲೆ ಸಂಬಳ, ಕಚ್ಚಾಸಾಮಗ್ರಿ, ಮಾರುಕಟ್ಟೆಗಳ ಚಿಂತೆ ಯಾವ ಕೈಕಸುಬಿನ ಕೇಂದ್ರವನ್ನೂ ಬಿಡುವುದಿಲ್ಲ. ಆದರೆ ಹಳೆಯ ದುಡಿಮೆಗಾರರನ್ನು ಹೊರಗಿಟ್ಟು ಹೊಸ ಕಲೆಗಾರರನ್ನು ಕರೆತರುವ ಬದಲು ಇಬ್ಬರನ್ನೂ ಒಂದೇ ಅಂಗಳದಲ್ಲಿ ಕೂರಿಸಬಹುದೆಂದು ಅದು ತೋರಿಸಿಕೊಟ್ಟಿತು.

ಯಾರು ಬಂದಾರು?

ಹೊಳೆನರಸೀಪುರದಂಥ ಊರಿನಲ್ಲಿ ಮಿಲ್ಲನ್ನು ತೆರೆದುಕೊಟ್ಟರೆ ಬರುವವರಾದರೂ ಯಾರೆಂದು ವ್ಯವಹಾರಜ್ಞರು ಕೇಳುವುದು ಸಹಜ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಸುಗ್ಗಿ ಮುಗಿದೊಡನೆ ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಅಭ್ಯಾಸ ಆರಂಭವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಒಬ್ಬರು, ದುರ್ಯೋಧನ ಭೀಮರ ಪಾತ್ರ ಹಿಡಿದ ರೈತರೂ ಗುಮಾಸ್ತರೂ ಅಂಗಡಿಯವರೂ ಹತ್ತಾರು ಮಂದಿ, ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯಲ್ಲಿಯೋ ದೇವಸ್ಥಾನದ ಅಂಗಳದಲ್ಲಿಯೋ ಕಂದಪದ್ಯ ಏರಿಸುತ್ತಾರೆ. ಸೀನರಿಯ ಪರದೆಗಳಿಗೂ ಕಿರೀಟ ಗದೆಗಳಿಗೂ ಭದ್ರವಾದ ಸ್ಥಳ ಬೇಕು. ಪರದೆಗೆ ಬಣ್ಣ ಹಾಕಲು ಎತ್ತರದ ಗೋಡೆ ಬೇಕು. ಮಿಲ್ಲಿನ ನಡುಮನೆಗಿಂತ ಒಪ್ಪುವ ತಾಣ ಇನ್ನಾವುದು? ಭತ್ತ ಒಣಗಿಸಿದ ಕಣ ಪ್ರೇಕ್ಷಕರಿಗೆ ಸಾಲುವಷ್ಟಿದೆ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ವಿಷಯವನ್ನು ಯೋಚಿಸಿರಿ. ಕಾವೇರಿಯ ತೀರದ ಈ ಗ್ರಾಮವು ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನೂ ರುದ್ರಪಟ್ಟಣಂ ಸಹೋದರರನ್ನೂ ಕರ್ನಾಟಕ ಸಂಗೀತಕ್ಕೆ ಕೊಟ್ಟಿತು, ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಧ್ಯಾನಮಂದಿರವೂ ನಿರ್ಮಾಣವಾಗಿದೆ. ಅದೇ ತಾಲ್ಲೂಕಿನಲ್ಲಿ ಕಿಟಕಿಯಿಲ್ಲದ, ದಪ್ಪ ಗೋಡೆಯ, ಹೊರಗಿನ ಸದ್ದನ್ನು ಒಳಗೆ ಬಿಡದ ಬ್ಯಾರನ್ನುಗಳೂ ಇವೆ. ಎಲೆಯ ಘಾಟು ಹೋಗುವಂತೆ ಗೋಡೆಯನ್ನು ತೊಳೆದು ಸುಣ್ಣ ಬಳಿದು, ಪ್ರತಿಧ್ವನಿ ತಗ್ಗಲು ಒಳಮೈಗೆ ಚಾಪೆ ಹೊದಿಸಿ, ಹಳೆಯ ಗಾಳಿಗಂಡಿಗಳನ್ನು ಸರಿಪಡಿಸಿದರೆ ಸಂಗೀತಾಭ್ಯಾಸಕ್ಕೂ ಧ್ವನಿಮುದ್ರಣಕ್ಕೂ ಒದಗುವ ಕೋಣೆ ಅಲ್ಪವೆಚ್ಚದಲ್ಲಿ ಸಿದ್ಧವಾದೀತು.

ಸಣ್ಣ ಊರಿನಲ್ಲಿ ವಿದ್ಯಾಕಾರ್ಯ ನಡೆಯದೆಂಬ ಸಂದೇಹಕ್ಕೂ ಹೊಳೆನರಸೀಪುರವೇ ಸಮಾಧಾನ. ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು 1937ರಲ್ಲಿ ಬೆಂಗಳೂರನ್ನು ಬಿಟ್ಟು ಹೇಮಾವತಿಯ ದಡದ ಈ ಊರಿಗೆ ಬಂದು, ತನ್ನದೇ ಮುದ್ರಣಾಲಯವನ್ನು ನಡೆಸಿ, ಶಾಂಕರವೇದಾಂತದ ಗ್ರಂಥಗಳನ್ನು ನಾಡಿಗೆಲ್ಲ ಕಳುಹಿಸಿತು. ಅಕ್ಷರ ಜೋಡಿಸುವವರು, ಕರಡು ತಿದ್ದುವವರು, ರಟ್ಟು ಕಟ್ಟುವವರು ಒಂದು ಸಣ್ಣ ಊರಿನಲ್ಲಿ ಒಟ್ಟಿಗಿದ್ದುದರಿಂದ ಆದ ಕೆಲಸವಿದು. ಇಂದಿನ ಸನ್ನಿವೇಶವಂತೂ ಇನ್ನೂ ಅನುಕೂಲವಾಗಿದೆ: ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ, ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರವಿದೆ, 2017ರಲ್ಲಿ ಬೆಂಗಳೂರಿನಿಂದ ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮಾರ್ಗವಾಗಿ ಹಾಸನಕ್ಕೆ ನೇರ ರೈಲು ಬಂದಿದೆ, ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಮರಳಿದ ತರುಣರು, ನೆಟ್ಟಗೆ ಕುಳಿತುಕೊಳ್ಳಲು ಒಂದು ಮೇಜು, ಕೈಕೊಡದ ಕರೆಂಟು, ವೇಗದ ಇಂಟರ್‌ನೆಟ್ಟು ಇದ್ದರೆ ಊರಿನಲ್ಲಿಯೇ ಕೆಲಸ ಸಾಗುವುದೆಂದು ಕಂಡುಕೊಂಡಿದ್ದಾರೆ. ಹಗಲು ಅವರು ತೆತ್ತ ಬಾಡಿಗೆಯಿಂದ ರಾತ್ರಿ ನಾಟಕದವರ ದೀಪ ಉರಿಯಲಿ.

ಮಾಡು ಮೊದಲು, ಮಾತು ಆಮೇಲೆ

ಕೆಲಸದ ಕ್ರಮವನ್ನೂ ಹೇಳಬೇಕು. ಹಳೆಯ ಕಟ್ಟಡದ ಪರಮಶತ್ರು ನೀರು. ಆದುದರಿಂದ ಮೊದಲ ಹಣ ಮಾಡಿಗೆ ಸಲ್ಲಬೇಕು. ಒಡೆದ ಹೆಂಚನ್ನು ಬದಲಿಸಿ, ಗೆದ್ದಲು ತಿಂದ ರೀಪುಗಳನ್ನು ತೆಗೆದು, ದೋಣಿಯಲ್ಲಿ ನೀರು ಸರಾಗವಾಗಿ ಹರಿಯುವಂತೆ ಮಾಡಿದರೆ ಗೋಡೆ ತಾನಾಗಿ ಉಳಿಯುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟು ಬಳಿಯುವುದು ಮುಗ್ಧರು ಮಾಡುವ ದ್ರೋಹ: ಸುಣ್ಣ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಒಳಗೇ ಕಟ್ಟಿಹಾಕುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮೇಲ್ಪದರ ಹಪ್ಪಳದಂತೆ ಏಳುತ್ತದೆ. ನಡುವೆ ಎಂದೋ ಹೊದಿಸಿದ ಕಲ್ನಾರಿನ ತಗಡುಗಳಿದ್ದರೆ ಅವನ್ನು ಒಡೆದು ಧೂಳೆಬ್ಬಿಸದೆ ಜಾಗರೂಕತೆಯಿಂದ ಇಳಿಸಬೇಕು. ಎಂಜಿನ್ ಕೋಣೆಯ ಎಣ್ಣೆ ಕುಡಿದ ನೆಲವನ್ನು ಶುದ್ಧಿಮಾಡಿ, ವೈರಿಂಗನ್ನು ಹೊಸದಾಗಿ ಎಳೆದು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಕಟ್ಟಿದ ಮೇಲೆ ಉಳಿದ ಅಲಂಕಾರ. ಒಂದಾದರೂ ಹಲ್ಲರನ್ನು ಬೆಲ್ಟಿನೊಡನೆ ನಡೆಯುವ ಸ್ಥಿತಿಯಲ್ಲಿಟ್ಟರೆ, ತಮ್ಮ ಅನ್ನದ ಭತ್ತ ಹೇಗೆ ಅಕ್ಕಿಯಾಯಿತೆಂಬುದನ್ನು ಮಕ್ಕಳು ಕಂಡು ತಿಳಿದಾರು.

ಇವೆಲ್ಲಕ್ಕಿಂತ ಕಠಿಣವಾದುದು ಒಡೆತನದ ತೊಡಕು. ತಾತ ಕಟ್ಟಿಸಿದ ಮಿಲ್ಲಿಗೆ ಇಂದು ಪಾಲುದಾರರು ಹಲವರು. ಒಬ್ಬರು ಹಾಸನದಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಅಮೆರಿಕದಲ್ಲಿ. ಭಾಗಪತ್ರ ಆಗಿಲ್ಲದಿರುವುದರಿಂದಲೇ ಕಟ್ಟಡ ಉಳಿದಿದೆಯೆಂದರೂ ಸಲ್ಲುತ್ತದೆ. ಮಾರಾಟದ ಮಾತೆತ್ತಿದೊಡನೆ ಚದರಡಿಯ ಬೆಲೆ ಮುಂದೆ ಬರುತ್ತದೆ, ಚದರಡಿಯ ಮುಂದೆ ಹೆಂಚಿನ ಮಾಡು ಸೋಲುತ್ತದೆ. ಮಾರಾಟವನ್ನು ಬಿಟ್ಟು ಹತ್ತು ಹದಿನೈದು ವರ್ಷಗಳ ಭೋಗ್ಯದ ಕರಾರು, ರಿಪೇರಿಯ ವೆಚ್ಚವನ್ನು ಬಾಡಿಗೆಯಲ್ಲಿ ವಜಾಮಾಡಿಕೊಳ್ಳುವ ಏರ್ಪಾಡು, ಅಷ್ಟು ಕಾಲ ಕಂದಾಯದಲ್ಲಿ ರಿಯಾಯಿತಿ, ಕೈಗಾರಿಕೆಯ ಕಟ್ಟಡವನ್ನು ಬೇರೆ ಉಪಯೋಗಕ್ಕೆ ಬದಲಿಸಿಕೊಳ್ಳಲು ಸುಲಭವಾದ ಅನುಮತಿ, ಇಷ್ಟಿದ್ದರೆ ಒಡೆಯರಿಗೆ ಆಸ್ತಿಯೂ ಉಳಿಯುತ್ತದೆ, ಊರಿಗೆ ಕಟ್ಟಡವೂ ಉಳಿಯುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಸದ್ಯಕ್ಕೆ ಕೋಟಿಗಳ ಯೋಜನೆಯನ್ನು ಘೋಷಿಸುವುದು ಬೇಡ. ತಮ್ಮ ಎಲ್ಲೆಯೊಳಗೆ ಬೀಗ ಬಿದ್ದ ಮಿಲ್ಲು, ಉಗ್ರಾಣ, ಕ್ಯೂರಿಂಗ್ ವರ್ಕ್ಸ್‌ಗಳು ಎಷ್ಟಿವೆ, ಯಾರವು, ಮಾಡಿನ ಸ್ಥಿತಿಯೇನು ಎಂಬುದರ ಪಟ್ಟಿಯನ್ನು ಕಾಲೇಜಿನ ವಿದ್ಯಾರ್ಥಿಗಳಿಂದ ತಯಾರಿಸಲಿ. ಆ ಪಟ್ಟಿಯಲ್ಲಿ ಅಲ್ಲಿ ದುಡಿದವರ ಹೆಸರುಗಳೂ ಬರಲಿ, ಏಕೆಂದರೆ ಯಾವ ಯಂತ್ರ ಎಲ್ಲಿತ್ತು, ಯಾವ ಗೋಡೆ ಎಂದು ಸೋರಿತು ಎಂಬುದನ್ನು ಬಲ್ಲವರು ಅವರೇ. ಆ ಪಟ್ಟಿಯಿಂದ ತಾಲ್ಲೂಕಿಗೆ ಒಂದರಂತೆ ನಾಲ್ಕು ಕಟ್ಟಡಗಳನ್ನು ಆರಿಸಿ, ಮುಂಗಾರು ಹಿಡಿಯುವುದರೊಳಗೆ ಹೆಂಚು ಹೊದಿಸಿ, ನಾಟಕದ ಮೇಷ್ಟ್ರಿಗೂ ಲ್ಯಾಪ್‌ಟಾಪಿನ ತರುಣನಿಗೂ ಬೀಗದ ಕೈ ಕೊಡಲಿ. ಮಿಕ್ಕದ್ದನ್ನು ಅವರು ನೋಡಿಕೊಳ್ಳುತ್ತಾರೆ.